ಬೋಟಿನವರ ಹಲಗೆ

ಪಕ್ಕದ ಮನೆಯ ಹುಡುಗಿ ನಮ್ಮ ಕಟ್ಟೆಯ ಮೇಲೆ ಕೂತು ಉಗುರುಬಣ್ಣದ ಬಾಟಲಿ ತೆರೆದಳು. ಘಾಟು ಮೂಗಿಗೆ ಬಡಿದದ್ದೇ ತಡ, ಭಾಗ್ಯನಗರದ ಓಣಿಯಲ್ಲಿ ಕೂತಿದ್ದ ನನಗೆ ತುಂಗಭದ್ರೆಯ ದಡ ಕಣ್ಣಮುಂದೆ ಬಂತು. ಜೊತೆಗೆ ನಮ್ಮ ಬೋಟಿನವರು...

ಆಗ ನಾನು ಗಂಗಾವತಿಯಲ್ಲಿದ್ದೆ. ನಾನು ಕಲಿಸುತ್ತಿದ್ದ ಶಾಲೆ ಹೊಳೆಯ ಆಚೆ. ದಿನವೂ ಅವರ ಬೋಟಿನಲ್ಲೇ ಹೋಗಿ ಬರುವುದು. ಮೊದಲು ಸಿದ್ದಾಪುರದ ಕಡೆ ಪಂಪ್‌ಸೆಟ್ ರಿಪೇರಿ ಮಾಡಿಕೊಂಡಿದ್ದ ಮನುಷ್ಯ. ಮೂಗಿನ ತುದಿಯಲ್ಲೇ ಸಿಟ್ಟು. ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಯಾರೂ ಕೇಳಿರಲಿಲ್ಲ.

ನಮ್ಮ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದ ಹುಡುಗಿಯರು ಅದೇ ಬೋಟಿನಲ್ಲಿ ಈಚೆ ದಡದ ಹೈಸ್ಕೂಲಿಗೆ ಬರುತ್ತಿದ್ದರು. ಬೋಟಿನವರು ಹಿಂಬದಿಯ ಎರಡು ಹಳೆಯ ಇಂಜಿನ್ ತೆಗೆದು ಹೊಸ ಜೋಡಿ ಕೂರಿಸಿದರು ನೋಡಿ, ಶುರುವಾಯಿತು ಪೀಕಲಾಟ. ನಡುನೀರಿನಲ್ಲಿ ಇಂಜಿನ್ ಕಿರುಚುತ್ತದೆ, ಬೋಟು ಮುಂದೆ ಹೋಗುವುದಿಲ್ಲ. ಹೆದರಿದ ತಂದೆ-ತಾಯಿಯರು ಹುಡುಗಿಯರನ್ನು ಮನೆಯಲ್ಲೇ ಕೂರಿಸಿದರು. ರಸ್ತೆ ಹಿಡಿದು ಸುತ್ತುಹಾಕಿಸಿ ಕಳಿಸುವವರು ಯಾರೂ ಇರಲಿಲ್ಲ. ಬೋಟು ಸರಿಹೋಗದಿದ್ದರೆ ಅವರ ಓದಿಗೆ ಎಳ್ಳುನೀರು ಬಿಟ್ಟಂತೆಯೇ. ನನಗೆ ಅನ್ನ ರುಚಿಸುತ್ತಿರಲಿಲ್ಲ.

"ಫ್ಯಾನಿನ ನಡುವಿನ ರಬ್ಬರ್ ಬುಶ್ ಜಾರಾಕ್ಹತ್ತಿರಬೇಕ್ರಿ ಅಕ್ಕಾರ. ನಿಮ್ಮ ಉಗುರಿನ ಬಣ್ಣ ಕೊಡ್ರಿ," ಎಂದರು ಬೋಟಿನವರು ಒಂದು ದಿನ.

ಇಂಜಿನ್ನಿನ ಕೆಳತುದಿಯಲ್ಲಿ, ನೀರೊಳಗೆ ತಿರುಗಿ ಬೋಟನ್ನು ತಳ್ಳುವುದೇ ಆ ಫ್ಯಾನು. ಬುಶ್ಶಿನಿಂದ ಅದರ ರೆಕ್ಕೆಯವರೆಗೆ ಒಂದೇ ಕೆಂಪು ಗೆರೆ ಎಳೆದರು. ಬುಶ್ ಜಾರಿದ್ದರೆ ಗೆರೆ ತುಂಡಾಗಿ ಅತ್ತಿತ್ತ ಸರಿಯಬೇಕು. ಎರಡೂ ಫ್ಯಾನಿಗೆ ಗೆರೆ ಹಾಕಿ, ನನ್ನನ್ನೂ ಒಂದಿಷ್ಟು ಭತ್ತದ ಚೀಲಗಳನ್ನೂ ಹೇರಿಕೊಂಡು ಒಂದು ಸುತ್ತು ಹೊಡೆದರು. ಅದೇ ಕಿರುಚಾಟ. ದಡಕ್ಕೆ ಬಂದು ನೋಡಿದರೆ ಗೆರೆಗಳು ಹಾಕಿದ ಹಾಗೇ ಇವೆ!

ಅವರ ಮುಖ ಸಪ್ಪಗಾಯಿತು. ಹೊಸ ಇಂಜಿನ್‌ಗಳ ಕೆಳಗೆ ಎತ್ತರಕ್ಕೆಂದು ಕೊಟ್ಟಿದ್ದ ಹಲಗೆ ನನ್ನ ಕಣ್ಣಿಗೆ ಬಿತ್ತು. "ಹಳೇ ಇಂಜಿನ್ ಕೆಳಗ ಈ ಅಡ್ಡ ಹಲಗಿ ಇರಲಿಲ್ಲಲ್ರಿ?" ಎಂದೆ.

"ಮೋಟರ್ ನೀರಿಗೆ ಸಿಗಬಾರದ್ರಿ! ಕಾಲವಿ ದಂಡಿಗೆ ಹಲಗಿ ಇಟ್ಟು ಎತ್ತರಿಸದ ಯಾವನರ ಪಂಪ್ ಕುಂದ್ರಸ್ತಾನ..." ಎಂದು ರೇಗಿದವರು ಅಲ್ಲಿಗೇ ನಿಂತರು.

ಭತ್ತದ ಚೀಲಗಳನ್ನೆಲ್ಲ ಹಿಂದಕ್ಕೆಳೆದು ಬೋಟು ಬಿಟ್ಟರು. ಹಿಂಬದಿ ನೀರಿಗೆ ತಗ್ಗಿತು, ಕಿರುಚಾಟ ಇಳಿಯಿತು, ಬೋಟು ಮುನ್ನುಗ್ಗಿತು. ಇಷ್ಟು ದಿನ ಆ ಫ್ಯಾನುಗಳು ಹಲಗೆಯ ಎತ್ತರಕ್ಕೆ ಮೇಲೆದ್ದು, ನೀರಿನ ಜೊತೆ ಗಾಳಿಯನ್ನೂ ಎಳೆದುಕೊಂಡು ಸುಮ್ಮನೆ ತಿರುಗುತ್ತಿದ್ದವು. "ಪಂಪಿನ ಬುದ್ಧಿ ಬೋಟಿಗೆ ಹಚ್ಚಿದ್ನಲ್ರಿ!" ಎಂದು ಕಣ್ಣಲ್ಲಿ ನೀರು ಬರುವಂತೆ ನಕ್ಕರು.

ಆ ಸಂಜೆಯೇ ಹಲಗೆ ಬಿಚ್ಚಿ ಇಂಜಿನ್ ಇಳಿಸಿದರು. ಮರುದಿನ ನಾನು ಕಂಡದ್ದು ಬೇರೆಯೇ. ಆ ಸಿಟ್ಟಿನ ಮನುಷ್ಯ ಹಲಗೆಯನ್ನು ಹೆಗಲ ಮೇಲಿಟ್ಟುಕೊಂಡು ಆಚೆ ಊರಿನ ಮನೆಮನೆಗೆ ಹೋಗುತ್ತಿದ್ದರು. "ತಪ್ಪು ನಂದೈತ್ರಿ, ಇಂಜಿನ್‌ದಲ್ಲ. ನೋಡ್ರಿ, ಇದನ್ನ ಕಿತ್ತೀನಿ. ಹುಡುಗ್ಯಾರನ್ನ ಕಳಸ್ರಿ." ಮೊದಲು ಒಬ್ಬಳು ಬಂದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ...

ಬೋಟಿನವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ಬಂತು. ಕೊನೆಯ ಬಾರಿ ಮುಖ ನೋಡಲಾಗಲಿಲ್ಲ ಎಂಬ ನೋವು ಇನ್ನೂ ಇದೆ. ಅಂದು ಮೊದಲು ಬೋಟು ಹತ್ತಿದ ಹುಡುಗಿ ಈಗ ನನ್ನ ಹಳೆಯ ಶಾಲೆಯಲ್ಲೇ ಟೀಚರು. ಇವತ್ತು ಈ ಘಾಟಿನ ನೆಪದಲ್ಲಿ ಅವಳಿಗೆ ಫೋನು ಮಾಡಿ, ಬೋಟು ಏನಾಯಿತೆಂದು ಕೇಳಿದೆ.

"ಅವರ ಮಗಳು ನಡಸಾಕ್ಹತ್ಯಾಳ್ರಿ ಅಕ್ಕಾರ," ಎಂದಳು. "ಆ ಹಲಗಿನೂ ಬೋಟಿನ್ಯಾಗ ಐತ್ರಿ. ಸಾಲಿ ಹುಡುಗ್ಯಾರು ಅದರ ಮ್ಯಾಲೇ ಕುಂತು ಬರ್ತಾರ."