ಸಂಗಮ್ಮ ಕೈ ಹಿಡಿಸಿದ ರೀತಿ

ಭಜನೆ ಶುರುವಾಗುವ ಮೊದಲು ಊರಿನವರ ಮೊಣಕೈ ಕೆಳಗೆ ಆಸರೆಗೆ ಡೋಲಕ್ ಇಟ್ಟು ಬಿಪಿ ನೋಡುತ್ತಿದ್ದಳು ನಮ್ಮ ಸಂಗಮ್ಮ. ನಂಬುವುದಿಲ್ಲವೇ? ನಂಬಬೇಡಿ, ಎಷ್ಟು ಹೊತ್ತು ತಡೆಯುತ್ತೀರೋ ನೋಡೋಣ. ನ್ಯಾಲ್ಕಲ್ ಸುತ್ತಮುತ್ತ ನನ್ನಷ್ಟು ಚೆಂದ ಸುಳ್ಳು ಹೇಳುವವನು ಇನ್ನೊಬ್ಬನಿಲ್ಲ. ಆದರೆ ಇದು ನಿಜ.

ಜಹೀರಾಬಾದಿನಲ್ಲಿ ಗುಡಿ, ಮಸೀದಿ, ಚರ್ಚುಗಳಿಂದ ಒಬ್ಬೊಬ್ಬರನ್ನು ಕರೆದು ಆರೋಗ್ಯದ ತರಬೇತಿ ಕೊಟ್ಟರು. ನಮ್ಮ ಮಠದಿಂದ ಹೋದವಳು ಭಜನೆ ಹಾಡುವ ಸಂಗಮ್ಮ. ಬರುವಾಗ ಬಿಪಿ ಯಂತ್ರ ತಂದಳು. ಆದರೆ ನಮ್ಮ ಜನ ಸುಮ್ಮನೆ ಕೂರಬೇಕಲ್ಲ! ತೋಳಿಗೆ ಪಟ್ಟಿ ಕಟ್ಟಿದರೆ ಮಾತು, ನಗು, ಕೆಮ್ಮು.

“ಲಿಂಗಪೂಜಿಗಿ ಕೈ ಹಿಡದಂಗ ಹಿಡೀರಿ. ಪೂಜ್ಯಾಗ ಮಾತಾಡ್ತೀರೇನು?” ಅಂದಳು.

ಇಷ್ಟಲಿಂಗ ಹಿಡಿಯುವ ಎಡ ಅಂಗೈಗಳು ಎದೆಯ ಮಟ್ಟಕ್ಕೆ ಬಂದವು. ಮಠವೆಲ್ಲ ಗಪ್ಪಾಯಿತು. ನಾನೊಬ್ಬ ಮಾತ್ರ ಪಕ್ಕದವನ ಕಿವಿಯಲ್ಲಿ ಏನೋ ಪಿಸುಗುಟ್ಟಿ ನಕ್ಕೆ.

“ಕಾಕಾ, ನಿಮ್ಮ ಬಾಯಿಗೊಂದು ಪಟ್ಟಿ ತರಬೇಕಿತ್ತು ನಾ,” ಎಂದಳು ಸಂಗಮ್ಮ.

ಕುರಿ ಕಾಯುವ ಬೀರಪ್ಪನ ಮನೆಯವರು ಮಠದ ಒಳಗೆ ಬರುತ್ತಿರಲಿಲ್ಲ. ಯಂತ್ರ, ಡೋಲಕ್ ಹೊತ್ತು ಸಂಗಮ್ಮನೇ ಕುರಿಹಟ್ಟಿಗೆ ಹೋದಳು. ತಮಾಷೆ ನೋಡಲು ನಾನೂ ಹಿಂದೆ ಹೋದೆ. ಬೀರಪ್ಪನ ಹೆಂಡತಿ ಮಾಳಮ್ಮ ತುಂಬು ಬಸುರಿ. ಕಾಲು ಬಾತಿದ್ದವು, ತಲೆ ಸಿಡಿಯುತ್ತಿತ್ತು.

“ಈಗಷ್ಟೇ ಹುಟ್ಟಿದ ಮರಿ ಎತ್ಕೊಂಡಂಗ ಕೈ ಹಿಡಿಯವ್ವ,” ಎಂದು ಪಟ್ಟಿ ಕಟ್ಟಿದ ಸಂಗಮ್ಮನ ಮುಖ ಯಂತ್ರ ನೋಡಿ ಇಳಿಯಿತು. “ಬೀರಪ್ಪ, ಈಗಿಂದೀಗ ದವಾಖಾನಿಗಿ ನಡಿ. ತಾಯಿ, ಕೂಸು ಇಬ್ಬರ ಜೀವಕ್ಕೂ ಧೋಕಾ ಅದ.”

“ಇವತ್ತ ಅಮಾಸಿ ಅದರಿ ಅಕ್ಕಾ. ಬಸರಿ ಹೆಣ್ಮಗಳನ್ನ ಹೊರಗ ಕರಕೊಂಡು ಹೋಗಬಾರದು. ನಾಳಿ ಹೋಗ್ತೀವಿ.”

“ನಾಳಿ ತನಕ ಬಿಪಿ ಕಾಯಂಗಿಲ್ಲೋ!”

ಬೀರಪ್ಪ ಜಗ್ಗಲಿಲ್ಲ. ಆಗ ನಾನು ಜೀವಮಾನದ ಅತ್ಯುತ್ತಮ ನಾಟಕ ಆಡಿದೆ. ಕಣ್ಣು ಮೇಲೆ ಮಾಡಿ ಧಡ್ ಎಂದು ಬಿದ್ದೆ. ಸಂಗಮ್ಮ ಜೀಪು ಕರೆಸಿದಳು.

“ಬೀರಪ್ಪ, ಕಾಕಾನ ಕಾಲು ಹಿಡಿ. ಮಾಳಮ್ಮ, ನೀ ಕೂತು ತಲಿ ಹಿಡಿ. ಸಾಯೋ ಮುದುಕನ್ನ ಒಯ್ಯಾಕ ಯಾವ ಅಮಾಸಿ ಅಡ್ಡ ಬರ್ತದ?”

ಹತ್ತಿದರು! ಜಹೀರಾಬಾದಿನ ಡಾಕ್ಟರು ಮಾಳಮ್ಮನನ್ನು ನೋಡಿದವರೇ ಒಳಗೆ ಕರೆದುಕೊಂಡರು. ಹೆಣ್ಣು ಕೂಸು ಹುಟ್ಟಿತು. ತಾಯಿಯೂ ಉಳಿದಳು.

ಈಗ ಸಂಗಮ್ಮ ಊರಲ್ಲಿ ಸಿಗುವುದೇ ಅಪರೂಪ. ನಾರಾಯಣಖೇಡ, ತಾಂಡೂರು ಎಂದು ತಿರುಗುತ್ತ ಹೊಸಬರಿಗೆ ಕಲಿಸುತ್ತಾಳೆ. ಮೊನ್ನೆ ತಾಂಡೂರಿಗೆ ಹೊರಟವಳು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು.

“ಮಸೀದಿ ಮಂದಿಗಿ ಹ್ಯಾಂಗ ಹೇಳ್ತೀಯವ್ವ, ಲಿಂಗಪೂಜಿ?” ಎಂದು ಕೆಣಕಿದೆ.

“ದುವಾ ಕೇಳಿದಂಗ ಹಿಡೀರಿ ಅಂತೀನಿ. ಅದಿರ್ಲಿ, ನಿಮ್ಮ ಬಿಪಿ ಗುಳಿಗಿ ನುಂಗೀರಿಲ್ಲೋ?” ಎಂದು ಬಸ್ಸು ಹತ್ತಿದಳು.

ಇಷ್ಟು ಹೇಳಿದ್ದರಲ್ಲಿ ಒಂದೇ ಒಂದು ಸುಳ್ಳಿದೆ. ಕುರಿಹಟ್ಟಿಯಲ್ಲಿ ನಾನು ಆಡಿದ್ದು ನಾಟಕವಲ್ಲ, ನಿಜವಾಗಿಯೇ ಬಿದ್ದಿದ್ದೆ. ಮಾಳಮ್ಮನನ್ನು ಜೀಪು ಹತ್ತಿಸಿದ ಉಪಾಯ ಪೂರಾ ಸಂಗಮ್ಮನದು.