ಅತ್ತಿಗೆ ಸಾಕಿದ ಮನೆಹಾಳರು

ಅತ್ತಿಗೆ ಕೆಲಸ ಮಾಡುವ ಪ್ರಯೋಗಾಲಯಕ್ಕೆ ರಕ್ತ ಕೊಡಲು ಹೋದ ನಾನು ಕಸದ ಬುಟ್ಟಿಯಲ್ಲಿ ಕುಳಿತೆ. ಕುಳಿತೆ ಎನ್ನುವುದು ಮರ್ಯಾದೆಯ ಮಾತು. ಬಿದ್ದೆ ಎನ್ನುವುದು ನಿಜ. ಸೂಜಿ ಆಗಿನ್ನೂ ಕವರಿನೊಳಗೇ ಇತ್ತು. ಸಕ್ಕರೆ ಪರೀಕ್ಷೆಗೆ ಹೋಗಿ ಹೋಗಿ, ರಕ್ತ ಎಂದರೆ ಖಾಲಿ ಹೊಟ್ಟೆ ಎಂಬ ಅಭ್ಯಾಸ ನನ್ನದು. ಬೆಳಗಿನಿಂದ ಒಂದು ಗುಟುಕು ಚಹಾ ಕೂಡ ಕುಡಿಯದೆ ಧೈರ್ಯವಾಗಿ ತೋಳು ಮಡಚಿದ್ದಷ್ಟೇ ನೆನಪು.

ಅತ್ತಿಗೆ ನನ್ನನ್ನು ಬುಟ್ಟಿಯಿಂದ ಕಿತ್ತು ನೆಲದ ಮೇಲೆ ಮಲಗಿಸಿದರು. ಎಚ್ಚರವಾಗಿ ನಾನು ಹೂಂ ಎಂದದ್ದೇ ತಡ, ಮಲಗಿದ್ದಲ್ಲೇ ತಮಗೆ ಬೇಕಾದಷ್ಟು ತೆಗೆದುಕೊಂಡರು. ಹೀಗಾದದ್ದೇ ಒಳ್ಳೆಯದು, ಕೂತಿದ್ದರೆ ನೀನು ಮಾತಾಡುತ್ತಿದ್ದೆ ಎಂದರು.

ಅತ್ತಿಗೆ ಅಂದರೆ ನನ್ನ ಅಣ್ಣನ ಹೆಂಡತಿ. ಮೊದಲು ಶಿಶುವಿಹಾರದಲ್ಲಿ ಆಯಾ ಆಗಿದ್ದರು. ಲಾರಿ ಓಡಿಸುತ್ತಿದ್ದ ಅಣ್ಣ ಒಮ್ಮೆ ದೂರದ ಊರಿನಿಂದ ಚಳಿಜ್ವರ ಹೊತ್ತು ಬಂದ. ಮನೆಯ ಕಂಬಳಿಗಳೆಲ್ಲ ಮುಗಿದ ಮೇಲೆ ಅತ್ತಿಗೆ ಕಿಟಕಿಯ ಪರದೆ ಕಿತ್ತು ಹೊದಿಸಿದರು. ಆದರೂ ಮಂಚ ಕಟಕಟ ಅನ್ನುತ್ತಿತ್ತು. ಮಲೇರಿಯಾ ಎಂದು ಗೊತ್ತಾಗುವ ಹೊತ್ತಿಗೆ ಅದು ಮೆದುಳಿಗೇರಿತ್ತು. ಔಷಧ ಬಂತು, ಅಣ್ಣ ಕಾಯಲಿಲ್ಲ.

ದುಃಖ ಕೆಲವರನ್ನು ಮೆತ್ತಗೆ ಮಾಡುತ್ತದೆ. ಅತ್ತಿಗೆಯನ್ನು ಅದು ಸಾಣೆ ಹಿಡಿಯಿತು. ಔಷಧ ಪರೀಕ್ಷಿಸುವ ಪ್ರಯೋಗಾಲಯವೊಂದು ಮಲೇರಿಯಾದ ಪರಾವಲಂಬಿಗಳನ್ನು ಸೀಸೆಯಲ್ಲಿ ಸಾಕುತ್ತದೆ, ದಿನಾ ಊಟ ಹಾಕುವವರು ಬೇಕಾಗಿದ್ದಾರೆ ಎಂದು ಕಿವಿಗೆ ಬಿದ್ದದ್ದೇ ಅಲ್ಲಿಗೆ ಹೋದರು. ಯಾಕೆ ಈ ಕೆಲಸವೇ ಬೇಕು ಎಂದು ಮುಖ್ಯಸ್ಥೆ ಕೇಳಿದ್ದಕ್ಕೆ, ಅದರ ಮುಖ ನೋಡಬೇಕು ಎಂದರಂತೆ. ತಮಾಷೆ ಅಂದುಕೊಂಡು ಮುಖ್ಯಸ್ಥೆ ನಕ್ಕು ಕೆಲಸ ಕೊಟ್ಟರು.

ಅಂದಿನಿಂದ ಅತ್ತಿಗೆಗೆ ರಜೆಯೆಂಬುದಿಲ್ಲ. ಚಪ್ಪಟೆ ಸೀಸೆಗಳ ಹಳೆ ಪೋಷಕ ರಸ ತೆಗೆದು ಹೊಸದು ಹಾಕಬೇಕು, ಆಗಾಗ ಹೊಸ ರಕ್ತ ಬೆರೆಸಬೇಕು, ಮೈಯಷ್ಟೇ ಬಿಸಿಯಿರುವ ಪೆಟ್ಟಿಗೆಯಲ್ಲಿ ಮಲಗಿಸಬೇಕು. ಗಂಡನನ್ನು ಕೊಂದದ್ದಕ್ಕೇ ತುತ್ತು ಹಾಕುವುದು ಹಾವಿಗೆ ಹಾಲೆರೆದಂತೆ ಎಂದು ನೆಂಟರು ಆಡಿಕೊಂಡರು. ಹಾವಿನ ಹಲ್ಲು ಎಣಿಸಬೇಕಾದರೆ ಅದು ಬಾಯಿ ತೆರೆಯಬೇಕಲ್ಲ ಎಂದು ಅತ್ತಿಗೆ ಎಲ್ಲರ ಬಾಯಿ ಮುಚ್ಚಿಸಿದರು.

ಅವುಗಳನ್ನು ಅತ್ತಿಗೆ ಮನೆಹಾಳರು ಎಂದೇ ಕರೆಯುವುದು. ಕೆಂಪು ರಕ್ತಕಣ ಬಾಗಿಲಿಲ್ಲದ ಮನೆಯಂತೆ. ಮನೆಹಾಳ ಬಂದು ಮೊದಲು ಗೋಡೆಗೆ ಮೈ ಉಜ್ಜುತ್ತಾನೆ. ಆಮೇಲೆ ಚೂಪು ತಲೆಯನ್ನು ಗೋಡೆಯ ಕಡೆ ತಿರುಗಿಸಿ, ಬಿಗಿಯಾಗಿ ಕಚ್ಚಿಕೊಂಡು, ಗೋಡೆ ಒಡೆಯದೆ ಅದನ್ನೇ ಒಳಕ್ಕೆ ಮಡಚುತ್ತ ನುಸುಳುತ್ತಾನೆ. ಆ ಮಡಿಕೆಯೇ ಅವನ ಕೋಣೆ. ಎರಡು ದಿನ ಕೂತು ಉಗ್ರಾಣ ತಿಂದು, ಒಬ್ಬನಿದ್ದವನು ಇಪ್ಪತ್ತಾಗಿ, ಮೊದಲು ಕೋಣೆ, ಆಮೇಲೆ ಮನೆಯ ಗೋಡೆ ಒಡೆದುಕೊಂಡು ಪಕ್ಕದ ಮನೆಗಳಿಗೆ ನುಗ್ಗುತ್ತಾರೆ. ಲಕ್ಷಾಂತರ ಮನೆಗಳು ಒಟ್ಟಿಗೆ ಒಡೆದಾಗಲೇ ಅಣ್ಣನ ಮಂಚ ಅಲುಗಿಸಿದ ಆ ಚಳಿನಡುಕ. ಉಂಡ ಮನೆಯ ಜಂತೆ ಎಣಿಸುವ ನೆಂಟರನ್ನು ನಾನು ಬಲ್ಲೆ, ಒಬ್ಬಿಬ್ಬರು ನನ್ನನ್ನೂ ಆ ಪಟ್ಟಿಗೆ ಸೇರಿಸಿದ್ದಾರೆ. ಇವರು ಜಂತೆಯನ್ನೂ ಕೆಡವಿ ಹೋಗುವವರು.

ಈಗ ಬಂದಿದ್ದ ಹೊಸ ಔಷಧ ಅವರನ್ನು ಒಳಗೆ ಬೆಳೆಯಲು ಬಿಡುತ್ತದೆ, ಹೊರಗೆ ಬರಲು ಮಾತ್ರ ಬಿಡುವುದಿಲ್ಲ. ಅದರ ಪರೀಕ್ಷೆಗೆಂದೇ ಒಂದೇ ವಯಸ್ಸಿನ ಮನೆಹಾಳರನ್ನು ಎರಡು ಸೀಸೆಗಳಲ್ಲಿ ಅತ್ತಿಗೆ ಸಾಕಿದ್ದರು. ಅಂದು ನನ್ನ ರಕ್ತ ಬೆರೆಸಿದರೆ ಎರಡು ದಿನಕ್ಕೆ ಸರಿಯಾಗಿ ಎಲ್ಲರೂ ಹೊರಡಲು ಸಿದ್ಧ. ಸೀಸೆ ಕೆಟ್ಟರೆ ಈ ಔಷಧದ ಸರದಿ ತಪ್ಪಿ ಬೇರೆಯದು ಬರುತ್ತಿತ್ತು. ಇಷ್ಟು ವರ್ಷ ತುತ್ತು ಹಾಕಿದ್ದು ಈ ಒಂದು ದಿನಕ್ಕೆ ಎಂದು ಅತ್ತಿಗೆ ನನಗೆ ಮೊದಲೇ ಹೇಳಿದ್ದರು.

ಅತ್ತಿಗೆ ನನ್ನ ರಕ್ತ ಬೆರೆಸಿ ಸೀಸೆಗಳನ್ನು ಪೆಟ್ಟಿಗೆಯಲ್ಲಿಟ್ಟು, ನಾನು ಇನ್ನೂ ನೆಲದ ಮೇಲೆ ಮಲಗಿ ಸಕ್ಕರೆ ನೀರು ಕುಡಿಯುತ್ತಿದ್ದಾಗಲೇ ಕರೆಂಟು ಹೋಯಿತು. ಜನರೇಟರು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಬಿಸಿ ಪೆಟ್ಟಿಗೆ ತಣ್ಣಗಾಗತೊಡಗಿತು. ರಜೆಯ ದಿನ, ಬೇರೆ ಯಾರೂ ಇಲ್ಲ. ರಸ್ತೆಯಾಚೆಯ ಆಸ್ಪತ್ರೆಯಲ್ಲಿ ಮಾತ್ರ ದೀಪ ಉರಿಯುತ್ತಿತ್ತು, ಅಂಥದೇ ಪೆಟ್ಟಿಗೆಯೂ ಅಲ್ಲಿತ್ತು. ಅತ್ತಿಗೆ ಒಂದು ಸೀಸೆಯನ್ನು ತಮ್ಮ ಸ್ವೆಟರಿನೊಳಗೆ ಸೇರಿಸಿದರು. ಇನ್ನೊಂದನ್ನು ಕೈಯಲ್ಲಿ ಹಿಡಿದು ನನ್ನ ಹೊಟ್ಟೆಯನ್ನು, ಸಂತೆಯಲ್ಲಿ ಕುಂಬಳಕಾಯಿ ನೋಡುವಂತೆ ನೋಡಿದರು.

"ಅಂಗಿ ಎತ್ತು."

"ಸಾಯ್ಲಿ ಬಿಡಿ ಅತ್ತಿಗೆ," ಎಂದೆ. "ನಮ್ಮಣ್ಣನ್ನ ತಿಂದೋರು. ತಾವಾಗಿ ಸಾಯ್ತಿದ್ರೆ ನಾವ್ಯಾಕೆ ಅಡ್ಡ ಬರೋದು?"

ಅತ್ತಿಗೆಯ ದನಿ ಏರಲಿಲ್ಲ. "ಚಳಿಗೆ ಸುಮ್ನೆ ನಿದ್ದೆ ಹೋದ ಹಾಗೆ ಸಾಯೋಕೆ ಬಿಡ್ತೀನಾ? ಮೂಟೆ ಕಟ್ಕೊಂಡು ಹೊರಡೋಕೆ ನಿಂತಿರ್ಬೇಕು. ಗೋಡೆ ತಳ್ಳಬೇಕು, ಅದು ಒಡೀಬಾರದು. ಆಮೇಲೆ ಸಾಯ್ಲಿ. ಎತ್ತು ಅಂಗಿ."

ಎತ್ತಿದೆ. ಸೀಸೆ ಗಟ್ಟಿ ಪ್ಲಾಸ್ಟಿಕ್ಕಿನದು, ಮುಚ್ಚಳ ಬಿಗಿ, ಸೊಳ್ಳೆಯ ಸಹಾಯವಿಲ್ಲದೆ ಅವರು ಚರ್ಮ ದಾಟಲಾರರು ಎಂದು ಸಮಾಧಾನವನ್ನೂ ಹೇಳಿದರು. ಅಣ್ಣನನ್ನು ಕೊಂದವರ ವಂಶವನ್ನು ಬೆಚ್ಚಗೆ ಹೊಟ್ಟೆಗೆ ಅವುಚಿಕೊಂಡು, ಎರಡೂ ಕೈ ಅಡ್ಡ ಹಿಡಿದು, ತಲೆ ಸುತ್ತುತ್ತ ನಾನು ರಸ್ತೆ ದಾಟಿದೆ. ಮನೆಯವರೆಲ್ಲ ಸೇರಿ ದಂಡಪಿಂಡ ಎಂದಿದ್ದ ಹೊಟ್ಟೆ ಕೊನೆಗೂ ಒಂದು ಉದ್ಯೋಗ ಹಿಡಿದಿತ್ತು. ಮೂಲೆಯಂಗಡಿಯ ಕ್ಷೌರಿಕ ಕತ್ತರಿ ನಿಲ್ಲಿಸಿ, ಏನ್ ಸಾರ್, ಹೊಟ್ಟೆನೋವಾ ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ, ತುಂಬು ತಿಂಗಳು ಎಂದು ಹೇಳಿ ನಡೆದರು.

ಆಸ್ಪತ್ರೆಯ ಪೆಟ್ಟಿಗೆ ಸೇರಿ ಸೀಸೆಗಳು ಉಳಿದವು. ಹೀಗೆ ಮೈಗೆ ಅಂಟಿಸಿಕೊಂಡು ಒಯ್ಯುವುದುಂಟೇ ಎಂದು ಮುಖ್ಯಸ್ಥೆ ಅತ್ತಿಗೆಯನ್ನು ಬೈದರು, ಬೈದು ಮುಗಿಸಿ ಪರೀಕ್ಷೆಗೆ ಸಿದ್ಧತೆ ಮಾಡಿ ಎಂದರು.

ಎರಡು ದಿನದ ಮೇಲೆ ಅತ್ತಿಗೆ ನನ್ನನ್ನು ಕರೆಸಿ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಮೊದಲು ತೋರಿಸಿದ್ದು ಔಷಧ ಹಾಕದ ಸೀಸೆಯ ಹನಿ. ಒಂದು ಕಣ ಉಬ್ಬಿ ಗುಂಡಗಾಯಿತು, ಫಟ್ಟನೆ ಒಡೆಯಿತು, ಕಾಳುಗಳು ಚೆಲ್ಲಿದವು. ಅದರಲ್ಲೊಂದು ಪಕ್ಕದ ಕಣಕ್ಕೆ ತಗುಲಿ, ಹೊರಳಿ ತಲೆ ಕೊಟ್ಟಿತು. ಆ ಕಣ ಒಮ್ಮೆ ಮೈ ಮುದುಡಿಸಿತು, ಅಷ್ಟರಲ್ಲಿ ಅವನು ಒಳಗೆ. ಆ ಮನೆ ನನ್ನದು, ನನ್ನ ಸ್ವಂತ ರಕ್ತ. ನನಗೂ ಮೊದಲ ಬಾರಿಗೆ ಹಲ್ಲು ಕಡಿಯುವಷ್ಟು ಸಿಟ್ಟು ಬಂತು.

ಔಷಧ ಹಾಕಿದ್ದರಲ್ಲಿ ಅದೇ ಕಾಳುಗಳು ಮನೆ ತುಂಬ ಒತ್ತಿ ಕೂತಿದ್ದವು, ಮೂಟೆ ಕಟ್ಟಿ ಸಿದ್ಧವಾದಂತೆ. ಗೋಡೆ ಒಡೆಯಲಿಲ್ಲ. ಕಾದೆವು. ಆಗಲೂ ಒಡೆಯಲಿಲ್ಲ. ಅತ್ತಿಗೆ ನನ್ನನ್ನು ಸರಿಸಿ ತಾವು ಕೂತರು. ಮುಖ್ಯಸ್ಥೆ ಬಂದು ನೋಡಿ, ಫಲಿತಾಂಶ ಬರೆದುಕೊಂಡು, ಊಟಕ್ಕೆ ಕರೆದು ಹೋದರು. ಅತ್ತಿಗೆ ಏಳಲಿಲ್ಲ. ಒಂದು ಸಲ ಮಾತ್ರ, ಮಲಗಿದ ಮಗುವನ್ನು ವಿಚಾರಿಸುವ ದನಿಯಲ್ಲಿ, ಆ ಗಾಜಿನೊಳಕ್ಕೆ ಕೇಳಿದರು:

"ಚಳಿ ಆಗ್ತಿದೆಯಾ?"

ನಾನು ಧೈರ್ಯ ಮಾಡಿ ಕೇಳಿದೆ:

"ಅತ್ತಿಗೆ, ಈಗಲಾದ್ರೂ ಸಿಟ್ಟು ಇಳೀತಾ?"

ಅತ್ತಿಗೆ ಕಣ್ಣು ಎತ್ತಲಿಲ್ಲ.

"ನಾಡಿದ್ದು ತಿಂಡಿ ತಿಂದ್ಕೊಂಡು ಬಾ. ಇನ್ನೂ ರಕ್ತ ಬೇಕು."