ಕ್ಸೇವಿಯರ್ ಎಂದು ಕೆತ್ತಿಸಿದ ಪದಕ

ಕೊಲ್ಲಿ ನಾಡಿನ ಸಲ್ಮಾಬಾದಿನ ವರ್ಕ್‌ಶಾಪಿನಲ್ಲಿ ವೆಲ್ಡರ್ ಕ್ಸೇವಿಯರನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಅವನು ಎಲ್ಲರಿಗೂ ‘ಚಾಚಾ’ ಆಗಿಬಿಟ್ಟಿದ್ದ. ಮದುವೆಯ ಮಾತು ಬಂದಾಗಲೆಲ್ಲ ‘ಮುಂದಿನ ರಜೆಗೆ ನೋಡುವ’ ಎಂದು ತಳ್ಳುತ್ತ ತಳ್ಳುತ್ತ ಪುಣ್ಯಾತ್ಮ ಐವತ್ತು ದಾಟಿದ್ದ. ಊರಿನಲ್ಲಿ ತಾಯಿ ತೀರಿಕೊಂಡ ಮೇಲೆ ಅವನ ಹೆಸರು ಪಾಸ್‌ಪೋರ್ಟಿನಲ್ಲಷ್ಟೇ ಉಳಿಯಿತು.

2009ರಲ್ಲಿ, ಅದೇ ದೇಶದ ಅರಾದ್‌ನಲ್ಲಿ ಸಂಸಾರ ಹೂಡಿದ್ದ ತಮ್ಮ ಸ್ಟ್ಯಾನಿ ಫೋನ್ ಮಾಡಿದ. “ಅಣ್ಣಾ, ಮಗುವಿಗೆ ಪದ್ರಿನ್ ನೀನೇ ಆಗ್ಬೇಕು.”

ಪದ್ರಿನ್ ಎಂದರೆ ಜ್ಞಾನಸ್ನಾನದ ದಿನ ಮಗುವಿನ ಹೊಣೆ ಹೊರುವ ಧರ್ಮತಂದೆ. ಇವರ ಮನೆತನದಲ್ಲಿ ಗಂಡುಮಗುವಿಗೆ ಪದ್ರಿನನ ಹೆಸರನ್ನೇ ಇಡುವ ಪದ್ಧತಿ. ಅದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಇವನೂ ಕೇಳಲಿಲ್ಲ, ನೋಡಿ! ನೇರ ಮನಾಮದ ಚಿನ್ನದಂಗಡಿಗೆ ಹೋಗಿ ಪದಕದ ಮೇಲೆ ‘ಕ್ಸೇವಿಯರ್’ ಎಂದು ಕೆತ್ತಿಸಿಯೇ ಬಿಟ್ಟ. ತನ್ನ ಹೆಸರಿಗೆ ಓಗೊಡುವ ಜೀವವೊಂದು ಬರುತ್ತದೆಂದು ರೂಮಿನ ಜೊತೆಗಾರರಿಗೆಲ್ಲ ಡಂಗುರ ಸಾರಿದ.

ವಾರದ ರಜೆಯಾದ ಶುಕ್ರವಾರ ಚರ್ಚಿನಲ್ಲಿ ಪಾದ್ರಿ ಮಗುವಿನ ಹೆಸರು ಕೇಳಿದರು.

“ಏಡನ್,” ಎಂದ ಸ್ಟ್ಯಾನಿ.

ಜೇಬಿನೊಳಗೆ ಪದಕದ ಡಬ್ಬಿಯನ್ನು ಹಿಡಿದಿದ್ದ ಕ್ಸೇವಿಯರನ ಕೈ ಹೊರಗೆ ಬರಲೇ ಇಲ್ಲ.

“ನಿನ್ನ ಹೆಸರೇ ಇಡುವ ಅಂತಿತ್ತು ಅಣ್ಣಾ,” ಆಮೇಲೆ ಸ್ಟ್ಯಾನಿ ಹೆಂಡತಿಯ ಕಡೆ ನೋಡಿ ತಲೆ ಕೆರೆದುಕೊಂಡ. “ಅದಕ್ಕೆ ಎಂತ ಅರ್ಥ ಅಂತ ಇವಳು ಕೇಳಿದ್ಳು. ನಂಗೆಲ್ಲಿ ಗೊತ್ತುಂಟು?”

ಕ್ಸೇವಿಯರನಿಗೂ ಗೊತ್ತಿರಲಿಲ್ಲ. ರಿಜಿಸ್ಟರಿಗೆ ಸಹಿ ಹಾಕುವಾಗ ಪಾದ್ರಿಯನ್ನೇ ಕೇಳಿದ.

“ಅದು ಮೊದಲು ಸ್ಪೇನಿನ ಒಂದು ಊರಿನ ಹೆಸರು,” ಎಂದರು ಅವರು. “ಸಂತ ಫ್ರಾನ್ಸಿಸರು ಹುಟ್ಟಿದ ಕೋಟೆಮನೆ ಅಲ್ಲುಂಟು. ಊರಿನ ಹೆಸರೇ ಅವರಿಗೆ ಅಡ್ಡಹೆಸರಾಯ್ತು. ಅವರ ಮೇಲಿನ ಭಕ್ತಿಯಿಂದ ನಮ್ಮವರು ಅದನ್ನೇ ಮಕ್ಕಳಿಗೆ ಇಟ್ರು. ಅಲ್ಲಿನ ಬಾಸ್ಕ್ ಭಾಷೆಯಲ್ಲಿ ‘ಹೊಸ ಮನೆ’ ಅಂತ ಅರ್ಥ.”

ಆರು ಜನರ ರೂಮಿನಲ್ಲಿ ಒಂದು ಕಬ್ಬಿಣದ ಮಂಚವಷ್ಟೇ ತನ್ನದೆನ್ನುವವನಿಗೆ ಹೊಸ ಮನೆ! ಕ್ಸೇವಿಯರನಿಗೆ ಮೊದಲು ನಗು ಬಂತು, ಆಮೇಲೆ ಅಳು ಬಂದಂತಾಯಿತು. ತಮ್ಮನಿಗೆ ಅರ್ಥ ಹೇಳೋಣವೆಂದು ಧಾವಿಸಿದ. ಅಲ್ಲಿ ಔತಣದ ಕೇಕಿನ ಮೇಲೆ ಆಗಲೇ ಏಡನ್ ಎಂದು ಬರೆದಾಗಿತ್ತು. ಹೇಳದೆ ಒಂದು ತುಂಡು ತಿಂದು ಹೊರಟ.

ರೂಮಿನಲ್ಲಿ ಮೇಲಿನ ಮಂಚದ ಮುಹಮ್ಮದ್ ಶರೀಫ್ ಇವನಿಗಾಗಿಯೇ ಕಾಯುತ್ತಿದ್ದ. “ಚಾಚಾ, ಬಚ್ಚೇ ಕಾ ನಾಮ್ ಕ್ಯಾ ರಖಾ?” ಎಂದು ಮಗುವಿಗಿಟ್ಟ ಹೆಸರು ಕೇಳಿದ.

“ಕ್ಸೇವಿಯರ್,” ಎಂದ ಇವನು, ಕಣ್ಣು ತಪ್ಪಿಸಿ.

“ಮಾಶಾಅಲ್ಲಾ! ಕ್ಸೇವಿಯರ್!” ಎಂದು ಶರೀಫ್ ಎಲ್ಲರಿಗೂ ಕೇಳುವಂತೆ ಕೂಗಿದ. ಉಳಿದವರೂ ಒಬ್ಬೊಬ್ಬರಾಗಿ ಆ ಹೆಸರೆತ್ತಿ ಮುಬಾರಕ್ ಹೇಳಿದರು. ಕ್ಸೇವಿಯರ್ ಡಬ್ಬಿಯನ್ನು ದಿಂಬಿನಡಿ ತುರುಕಿ, ಗೋಡೆಯ ಕಡೆ ಮುಖ ಮಾಡಿ ಮಲಗಿ, ಅಷ್ಟೂ ಸಲ ಮನಸ್ಸಿನಲ್ಲೇ ಓಗೊಟ್ಟ.